ಎರಡು ದಿನದ ಡೇಟಾ ತರಬೇತಿ: ಪೈಥಾನ್ ಮೊದಲೋ, ಎಕ್ಸೆಲ್ ಮೊದಲೋ?

ಸಂಶೋಧಕಿ, ರಾಯಚೂರು: ನಮ್ಮ ವಿಶ್ವವಿದ್ಯಾಲಯದಲ್ಲಿ ಎರಡು ದಿನದ ಡೇಟಾ ತರಬೇತಿ ಇಡುವ ಮಾತು ನಡೆದಿದೆ. ವಿದ್ಯಾರ್ಥಿಗಳು, ಮೇಷ್ಟ್ರುಗಳು, ಲೈಬ್ರರಿಯವರು, ಆಫೀಸಿನವರು ಎಲ್ಲರಿಗೂ. ಕೆಲವರು ನೇರ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡೋಣ ಅನ್ನುತ್ತಾರೆ, ಕೆಲವರಿಗೆ ಎಕ್ಸೆಲ್ ಸಾಕು. ನೀವೇನಂತೀರಿ?

ಕೋಡಿಂಗ್ ಹುಡುಗ, ಬಳ್ಳಾರಿ: ಅಕ್ಕಾ, ಪೈಥಾನೇ ಇರಲಿ. ಪುಕ್ಕಟೆ ಸಿಗುತ್ತದೆ. ಇಂಟರ್‌ವ್ಯೂನಲ್ಲಿ ಕೇಳೋದೂ ಅದನ್ನೇ. ಎಕ್ಸೆಲ್ ಎಲ್ಲರಿಗೂ ಬರುತ್ತದಲ್ವಾ?

ಲೈಬ್ರರಿಯವನು, ಕೊಪ್ಪಳ: ಬರುತ್ತದೆ ಅಂದುಕೊಂಡಿದ್ದೇವೆ ತಮ್ಮಾ. ಹೋದ ವರ್ಷ ಎಂ.ಎ. ಓದುವ ಹುಡುಗಿಯೊಬ್ಬಳು ಕಣ್ಣೀರು ಹಾಕಿಕೊಂಡು ಬಂದಳು. ಮನೆಮನೆ ತಿರುಗಿ ಮಾಡಿದ ಸರ್ವೆ, ಲೆಕ್ಕ ಮಾತ್ರ ಕೂಡುತ್ತಿಲ್ಲ. ಊರಿನ ಕಾಲಂ ನೋಡಿದೆ. ಒಂದು ಕಡೆ ಕಿನ್ನಾಳ, ಒಂದು ಕಡೆ ಕಿನ್ಹಾಳ, ಇನ್ನೊಂದು ಕಡೆ ಕಿನ್ನಾಳದ ಹಿಂದೆ ಒಂದು ಸ್ಪೇಸ್. ನಮಗೆ ಒಂದೇ ಊರು, ಕಂಪ್ಯೂಟರಿಗೆ ಮೂರು. ಸಾಲದ್ದಕ್ಕೆ ಅರ್ಧ ಹಾಳೆ 'ನುಡಿ' ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಿನಲ್ಲಿತ್ತು, ಅರ್ಧ ಕನ್ನಡ ಅಕ್ಷರಕ್ಕೇ ಸ್ವಂತ ಸಂಕೇತ ಇರುವ ಯೂನಿಕೋಡ್‌ನಲ್ಲಿ. ಕಣ್ಣಿಗೆ ಎರಡೂ ಕನ್ನಡವೇ. ಆದರೆ ಆಸ್ಕಿಯಲ್ಲಿ ಒಳಗಿರೋದು ಇಂಗ್ಲಿಷಿನ ಅಕ್ಷರ, ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸಿರುತ್ತದೆ, ಅಷ್ಟೇ. ಕನ್ನಡದಲ್ಲಿ ಹುಡುಕಿದರೆ ಸಿಗೋದಿಲ್ಲ, ಅಕಾರಾದಿ ಜೋಡಿಸಿದರೆ ಕಲಸುಮೇಲೋಗರ. ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ ತಂದೆವು. ಆಮೇಲೆ ಡೇಟಾ ಸರಿಮಾಡುವ ಸಾಫ್ಟ್‌ವೇರ್ ಆದ ಓಪನ್‌ರಿಫೈನ್‌ನಲ್ಲಿ ಊರಿನ ಹೆಸರು ಒಂದಾಗಿಸಿದೆವು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು, ರಾಯಚೂರು: ಇದು ನಮ್ಮ ಹುಡುಗರ ತಪ್ಪು ಮಾತ್ರ ಅಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದವು. ಹಳೇ ಎಕ್ಸೆಲ್ ಫೈಲಿನ ಒಂದು ಹಾಳೆಗೆ 65,536 ಸಾಲು ಮಾತ್ರ ಹಿಡಿಯುತ್ತದೆ. ಮಿಕ್ಕಿದ್ದು ಬಿದ್ದುಹೋಯಿತು. ಅದೇ ವರ್ಷ ವಿಜ್ಞಾನಿಗಳು ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿದರು. 'ಮಾರ್ಚ್1' ಅನ್ನೋ ಜೀನಿನ ಹೆಸರು ಬರೆದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತಿತ್ತು!

ಕೋಡಿಂಗ್ ಹುಡುಗ, ಬಳ್ಳಾರಿ: ಸರ್, ನಾನು ಹೇಳೋದೂ ಅದಕ್ಕೇ. ಕೈಯಲ್ಲಿ ತಿದ್ದಿದರೆ ಏನು ತಿದ್ದಿದೆವು ಅನ್ನೋದು ಉಳಿಯೋದಿಲ್ಲ. ಪ್ರೋಗ್ರಾಂ ಬರೆದರೆ ಪ್ರತಿ ಹೆಜ್ಜೆಯೂ ಅಲ್ಲೇ ಇರುತ್ತದೆ. ತುಂಗಭದ್ರಾ ಡ್ಯಾಮಿನ ಒಳಹರಿವು, ಹೊರಹರಿವು ದಿನಾ ಪೇಪರ್‌ನಲ್ಲಿ ಬರುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಊರಲ್ಲೆಲ್ಲಾ ಅದೇ ಮಾತು, ಎರಡನೇ ಬೆಳೆಗೆ ನೀರು ಉಳಿಯುತ್ತದಾ ಅಂತ. ಆ ಅಂಕಿ ಹಿಡಿದು ಗ್ರಾಫ್ ಹಾಕೋದನ್ನು ಕಲಿಸಿದರೆ ರೈತರ ಮಕ್ಕಳು ಸುಮ್ನೆ ಕೂರುತ್ತಾರಾ?

ಪರೀಕ್ಷಾ ವಿಭಾಗದವಳು: ಮೇಡಂ, ಆಫೀಸಿನವರಿಗೂ ಅಂದಿರಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಸೊನ್ನೆಯಿಂದ ಶುರುವಾಗುವ ರಿಜಿಸ್ಟರ್ ನಂಬರ್ ಹಾಕಿದರೆ ಸೊನ್ನೆ ಮಾಯ. 03/04 ಅಂದರೆ ಒಂದು ಕಂಪ್ಯೂಟರಲ್ಲಿ ಏಪ್ರಿಲ್ 3, ಇನ್ನೊಂದರಲ್ಲಿ ಮಾರ್ಚ್ 4. ಮಕ್ಕಳ ಮಾರ್ಕ್ಸ್ ವಿಷಯ ಇದು, ರಾತ್ರಿ ನಿದ್ದೆ ಬರೋದಿಲ್ಲ. ಹಿಂದೊಮ್ಮೆ ಒಂದು ತರಬೇತಿಗೆ ಹೋಗಿದ್ದೆ. ಪೂರ್ತಿ ಇಂಗ್ಲಿಷು. ಸರ್ಟಿಫಿಕೇಟ್ ಕೊಟ್ಟರು, ತಲೆಗೆ ಏನೂ ಹೋಗಲಿಲ್ಲ. ಎಲ್ಲರೆದುರು ಕೈ ಎತ್ತಿ ಕೇಳೋದಕ್ಕೆ ಧೈರ್ಯ ಬರಲಿಲ್ಲ.

ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು, ರಾಯಚೂರು: ನಂಬರ್ ಹಾಕುವ ಮೊದಲೇ ಆ ಕಾಲಂ ಆರಿಸಿ ಫಾರ್ಮ್ಯಾಟನ್ನು 'ಟೆಕ್ಸ್ಟ್' ಮಾಡಿಡಿ ಅಮ್ಮಾ, ಸೊನ್ನೆ ಉಳಿಯುತ್ತದೆ. ತಾರೀಖನ್ನು ವರ್ಷ, ತಿಂಗಳು, ದಿನ ಅಂತ ಬರೆದರೆ ಗೊಂದಲವೇ ಇಲ್ಲ. ಕೈ ಎತ್ತುವ ಸಂಕೋಚಕ್ಕೂ ದಾರಿ ಇದೆ. 1998ರಿಂದ ಇಂಥ ತರಬೇತಿ ನಡೆಸುತ್ತಿರುವ ಸಾಫ್ಟ್‌ವೇರ್ ಕಾರ್ಪೆಂಟ್ರಿಯವರು ಪ್ರತಿಯೊಬ್ಬರಿಗೂ ಎರಡು ಬಣ್ಣದ ಅಂಟುಚೀಟಿ ಕೊಡುತ್ತಾರೆ. ಕೆಲಸ ಮುಗಿದರೆ ಒಂದು, ಸಿಕ್ಕಿಹಾಕಿಕೊಂಡರೆ ಇನ್ನೊಂದನ್ನು ಲ್ಯಾಪ್‌ಟಾಪ್ ಮೇಲೆ ಅಂಟಿಸೋದು. ಸಹಾಯಕರು ನೋಡಿ ತಾವೇ ಬರುತ್ತಾರೆ. ಚೀಟಿ ಇದ್ದರೆ ಬಾಯಿ ಬಿಡಬೇಕಿಲ್ಲ.

ಸಂಶೋಧಕಿ, ರಾಯಚೂರು: ಹಾಗಾದರೆ ಮೊದಲ ದಿನ ಪೂರ್ತಿ ಹಾಳೆ ಸರಿಮಾಡೋದು, ಅದೂ ಅವರವರ ಕೆಲಸದ ಹಾಳೆ. ಮೆನು, ಬಟನ್ ಹೆಸರು ಇಂಗ್ಲಿಷಿನಲ್ಲೇ ಇರಲಿ, ವಿವರಣೆ ಕನ್ನಡದಲ್ಲಿ. ಎರಡನೇ ದಿನ ಡ್ಯಾಮಿನ ಅಂಕಿ, ಪೈಥಾನ್.

ಕೋಡಿಂಗ್ ಹುಡುಗ, ಬಳ್ಳಾರಿ: ಪೈಥಾನಿಗೆ ಒಂದು ದಿನ ಸಾಲೋದಿಲ್ಲ ಅಕ್ಕಾ. ವಾರಕ್ಕೊಂದು ಸಂಜೆ ಮುಂದುವರಿಸಿ, ಬಳ್ಳಾರಿಯಿಂದ ನಾನು ಆನ್‌ಲೈನ್‌ನಲ್ಲಿ ಸೇರಿಕೊಳ್ಳುತ್ತೇನೆ.

ಲೈಬ್ರರಿಯವನು, ಕೊಪ್ಪಳ: ಹಾಳೆ ತರೋವಾಗ ಮಕ್ಕಳ ಹೆಸರು, ಫೋನ್ ನಂಬರ್ ಅಳಿಸಿಕೊಂಡು ಬನ್ನಿ. ಇದನ್ನು ನೋಟಿಸಿನಲ್ಲೇ ಹಾಕಿ.

ಪರೀಕ್ಷಾ ವಿಭಾಗದವಳು: ರಿಸಲ್ಟ್ ಕೆಲಸ ಮುಗಿದ ಮೇಲೆ ಇಡಿ ಮೇಡಂ. ನಾವು ನಾಲ್ಕು ಜನ ಬರುತ್ತೇವೆ.