ಲೈಕಾ ಎಂ10 ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಸಿಗ್ತಿದೆ, ಕನ್ನಡಕ ಹಾಕೋನಿಗೆ ರೇಂಜ್‌ಫೈಂಡರ್ ಒಗ್ಗುತ್ತಾ?

ಕೊಪ್ಪಳ ಕ್ಲಿಕ್:

ನಮಸ್ಕಾರ ಎಲ್ಲರಿಗೂ. 11 ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಹೊಟ್ಟೆಪಾಡಿಗೆ ಎರಡು ಮಿರರ್‌ಲೆಸ್ ಬಾಡಿ ಇವೆ, ಅವುಗಳ ಬಗ್ಗೆ ತಕರಾರಿಲ್ಲ. ಹೋದ ಡಿಸೆಂಬರ್‌ನಲ್ಲಿ ಆನೆಗೊಂದಿ ಹತ್ತಿರ ಹರಿಗೋಲಿಗೆ ಕಾಯುತ್ತಾ ನಿಂತಿದ್ದಾಗ ಪ್ರವಾಸಿಯೊಬ್ಬರ ಕೊರಳಲ್ಲಿ ಲೈಕಾ ಎಂ10 ಕಂಡಿತು. ನಾನು ಕದ್ದು ಕದ್ದು ನೋಡುತ್ತಿದ್ದದ್ದು ಅವರಿಗೆ ಗೊತ್ತಾಗಿ, ನಗುತ್ತಾ ಕೈಗೇ ಕೊಟ್ಟುಬಿಟ್ಟರು. ಹತ್ತು ನಿಮಿಷ ಹಿಡಿದಿದ್ದೆ ಅಷ್ಟೇ. ಅವತ್ತಿನಿಂದ ತಲೆ ಕೆಟ್ಟಿದೆ.

ಹಿಂದೆ ಮೂರೇ ಬಟನ್. ಮೇಲೆ ಶಟರ್ ಸ್ಪೀಡ್ ಡಯಲ್, ಎಡಗಡೆ ಐಎಸ್‌ಒ ಡಯಲ್, ಅದನ್ನು ಮೇಲಕ್ಕೆ ಎಳೆದು ತಿರುಗಿಸಬೇಕು. ಅಪರ್ಚರ್, ಅಂದರೆ ಬೆಳಕು ಬಿಡೋ ಕಿಂಡಿಯ ಅಳತೆ, ಲೆನ್ಸ್ ಮೇಲೇ ಇದೆ. ಕ್ಯಾಮೆರಾ ಆಫ್ ಇದ್ದರೂ ಮೇಲಿಂದ ಒಮ್ಮೆ ನೋಡಿದರೆ ಸಾಕು, ಯಾವುದು ಎಷ್ಟಿದೆ ಗೊತ್ತಾಗುತ್ತದೆ. ನಾನೋ, ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಮೆನು ಒಳಗೆ ಸಿಕ್ಕಿಹಾಕಿಕೊಂಡು ಬೆವರಿದವನು!

ಆದರೆ ಇದು ರೇಂಜ್‌ಫೈಂಡರ್, ಆಟೋಫೋಕಸ್ ಇಲ್ಲ. ಆ ಹತ್ತು ನಿಮಿಷದಲ್ಲಿ ತೆಗೆದ ಆರು ಫೋಟೋದಲ್ಲಿ ಹರಿಗೋಲಿನವನ ಮುಖ ಒಂದರಲ್ಲೂ ಶಾರ್ಪ್ ಬರಲಿಲ್ಲ. ಹರಿಗೋಲು ತಿರುಗುತ್ತಿತ್ತು ಅನ್ನೋದು ನೆಪ, ನನಗೆ ಬರಲಿಲ್ಲ ಅನ್ನೋದು ನಿಜ. ಈಗ ಪರಿಚಯದವರೊಬ್ಬರು ಎಂ10 ಜೊತೆಗೆ 35 ಎಂಎಂ ಎಫ್2 ಲೆನ್ಸ್ ಮಾರುತ್ತಿದ್ದಾರೆ. ರೇಟು ಹೇಳಿದರೆ ಅಪ್ಪ ಮನೆಯಿಂದ ಆಚೆ ಹಾಕುತ್ತಾರೆ. ನನಗೆ ದಪ್ಪ ಕನ್ನಡಕ ಬೇರೆ. ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವಾಗ, ಆ ಜನದ ನಡುವೆ, ಕೈಯಲ್ಲಿ ಫೋಕಸ್ ಮಾಡೋದು ಆಗೋ ಮಾತಾ? ಇಟ್ಟುಕೊಂಡವರು ಇದ್ದರೆ ನಿಜ ಹೇಳಿ.

ರಾಯಚೂರು ಬಿಸಿಲು:

ತಮ್ಮಾ, ನಾಲ್ಕು ವರ್ಷದಿಂದ ಅದೇ ಎಂ10, ಅದೇ 35 ನನ್ನ ಹತ್ತಿರ ಇದೆ. ಮೊದಲ ಮೂರು ತಿಂಗಳು ನಾನೂ ಬರೀ ಮಸುಕು ಫೋಟೋನೇ ತೆಗೆದಿದ್ದು.

ಒಂದು ತಿಳ್ಕೊಳ್ಳಿ, ಕಣ್ಣಿಟ್ಟು ನೋಡೋ ಇದರ ಕಿಟಕಿಯಲ್ಲಿ ಕಾಣೋದು ಲೆನ್ಸ್ ನೋಡಿದ್ದಲ್ಲ. ಅದು ಬೇರೆಯೇ ಗಾಜು, ಎಲ್ಲವನ್ನೂ ಸ್ವಲ್ಪ ಚಿಕ್ಕದಾಗಿ, ನಿಜ ಗಾತ್ರದ 0.73ರಷ್ಟು ತೋರಿಸುತ್ತದೆ. ನಡುವೆ ಒಂದು ಸಣ್ಣ ಬೆಳಕಿನ ಚೌಕ, ಅದರೊಳಗೆ ಎರಡು ಬಿಂಬ. ರಿಂಗ್ ತಿರುಗಿಸಿದಾಗ ಎರಡೂ ಒಂದರ ಮೇಲೊಂದು ಕೂತರೆ ಫೋಕಸ್ ಆಯ್ತು ಅಂತ ಲೆಕ್ಕ. ತಿರುಗೋ ಹರಿಗೋಲಿನಲ್ಲಿ ಕೂತವನ ಮೇಲೆ ಅದನ್ನು ಕೂರಿಸೋಕೆ ಹೋದರೆ ಯಾರಿಗೂ ಸಿಗಲ್ಲ. ಇದನ್ನು ಬಳಸೋ ರೀತಿನೇ ಬೇರೆ.

ಲೆನ್ಸ್ ಕೆಳಗೆ ಬೆರಳು ಇಡೋಕೆ ಒಂದು ಸಣ್ಣ ಗುಳಿ ಇರುತ್ತದೆ ನೋಡಿ, ಫೋಕಸ್ ಟ್ಯಾಬ್. ನನ್ನದರಲ್ಲಿ ಅದು ನೇರ ಕೆಳಗಿದ್ದರೆ ಸುಮಾರು ಒಂದೂವರೆ ಮೀಟರ್‌ಗೆ ಇದೆ ಅಂತ ಬೆರಳಿಗೇ ಗೊತ್ತು. ಕ್ಯಾಮೆರಾ ಕಣ್ಣಿಗೆ ಏರುವ ಮುಂಚೆಯೇ ಫೋಕಸ್ ಮುಗಿದಿರುತ್ತದೆ. ಇನ್ನು ಜಾತ್ರೆ ಅಂದಿರಲ್ಲ, 35 ಲೆನ್ಸ್‌ನಲ್ಲಿ ಎಫ್8, ಅಂದರೆ ಕಿಂಡಿ ಸಣ್ಣದು ಇಟ್ಟು, ಫೋಕಸ್ 3 ಮೀಟರ್‌ಗೆ ನಿಲ್ಲಿಸಿಬಿಡಿ. ಹೆಚ್ಚುಕಡಿಮೆ 2 ಮೀಟರ್‌ನಿಂದ 7 ಮೀಟರ್‌ವರೆಗೆ ಎಲ್ಲಾ ಶಾರ್ಪ್ ಬರುತ್ತದೆ. ಲೆನ್ಸ್ ಮೇಲಿನ ಗೀಟುಗಳೇ ಅದನ್ನು ಹೇಳುತ್ತವೆ. ನಮ್ಮ ಬಿಸಿಲಿಗೆ ಎಫ್8 ಏನು, ಎಫ್11 ಕೂಡ ಆರಾಮ. ಆಟೋಫೋಕಸ್ ಯಾವ ಮುಖ ಹಿಡೀಲಿ ಅಂತ ಹುಡುಕೋ ಅಷ್ಟರಲ್ಲಿ ನೀವು ಒತ್ತಿಬಿಟ್ಟಿರುತ್ತೀರಿ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಒಂದು ಬೆಳಗ್ಗೆ ಹತ್ತಿ ಮಾರುಕಟ್ಟೆಯಲ್ಲಿ ಒಬ್ಬ ಅಜ್ಜ ಹತ್ತಿ ರಾಶಿಯಿಂದ ಒಂದು ಹಿಡಿ ಕಿತ್ತು, ಎರಡೂ ಕೈ ಹೆಬ್ಬೆರಳಲ್ಲಿ ಎಳೆದು ಎಳೆ ಉದ್ದ ನೋಡುತ್ತಿದ್ದ. ಫೋಟೋದಲ್ಲಿ ಎಷ್ಟು ಬರುತ್ತೆ ಅಂತ ಕಿಟಕಿಯಲ್ಲಿ ಫ್ರೇಮ್ ಗೆರೆ ಕಾಣುತ್ತದೆ, ಅದರ ಒಳಗೆ ಅವನೊಬ್ಬನೇ. ಆದರೆ ಗೆರೆಯ ಆಚೆಗೂ ಕಾಣುತ್ತಲ್ಲ, ಅಲ್ಲಿ ಎಡಗಡೆಯಿಂದ ಒಬ್ಬ ಹಮಾಲಿ ಬೆನ್ನ ಮೇಲೆ ಅಂಡಿಗೆ ಹೊತ್ತು ಬರುತ್ತಿದ್ದದ್ದು ಮೊದಲೇ ಕಂಡಿತು. ಕಾಯ್ದೆ. ಅವನ ಕಾಲು ಗೆರೆ ದಾಟಿತು, ಅಜ್ಜ ತಲೆ ಎತ್ತಿದ, ಒತ್ತಿದೆ. ನಿಮ್ಮ ಮಿರರ್‌ಲೆಸ್ ಕಿಟಕಿಯಲ್ಲಿ ಆ ಹಮಾಲಿ ಫ್ರೇಮಿಗೆ ಬಂದ ಮೇಲೇ ಕಾಣೋದು. ನಾನು ದುಡ್ಡು ಕೊಟ್ಟಿದ್ದು ಆ ಗೆರೆಯ ಆಚೆಯ ಜಾಗಕ್ಕೆ ಅಂತಲೇ ಅಂದ್ಕೊಂಡಿದ್ದೀನಿ.

ಕನ್ನಡಕದ ವಿಷಯ: 28 ಎಂಎಂ ಲೆನ್ಸಿನ ಫ್ರೇಮ್ ಮರೆತುಬಿಡಿ, ಅಂಚು ಕಾಣಲ್ಲ. 35 ಹೇಗೋ ನಡೆಯುತ್ತದೆ, 50 ಆರಾಮ. 90 ಹಾಕಿದರೆ ಫ್ರೇಮ್ ಅಂಚೆ ಚೀಟಿ ಅಷ್ಟಾಗುತ್ತದೆ. ಮತ್ತೆ ಮದುವೆಗೆ ಇದನ್ನು ಒಯ್ಯಬೇಡಿ. ತಾಳಿ ಕಟ್ಟೋದು ಒಂದೇ ಸಲ.

ಸಂಡೂರು ಕೆಂಧೂಳು:

ಅಣ್ಣ ಹೇಳಿದ್ದೆಲ್ಲಾ ಸರಿ, ಆದರೆ ಕಷ್ಟದ ಕಥೆ ಬಿಟ್ಟರು. ನಾನು ಹೇಳ್ತೀನಿ.

ನನ್ನ ಕ್ಯಾಮೆರಾ ಒಂದು ಸಲ ಬೈಕ್ ಟ್ಯಾಂಕ್ ಮೇಲಿನ ಬ್ಯಾಗಲ್ಲಿ ಸಂಡೂರಿನಿಂದ ಇಟಗಿವರೆಗೆ ಬಂತು. ಅದಿರು ಲಾರಿ ಓಡಾಡೋ ರಸ್ತೆ ಗೊತ್ತಲ್ಲ. ಇಟಗಿ ಮಹಾದೇವ ದೇವಸ್ಥಾನದಲ್ಲಿ, 1112ರದ್ದು ಅದು, ಆ ಕಡೆದು ಹೊಳಪು ಕೊಟ್ಟ ಕಂಬಗಳ ಮುಂದೆ ಕ್ಯಾಮೆರಾ ಎತ್ತಿದೆ. ಕಂಬದ ಅಂಚು ಎರಡೂ ಸರಿಯಾಗಿ ಕೂತವು, ಆದರೆ ಕಂಬದ ಮೇಲಿನ ಅಡ್ಡಪಟ್ಟಿ ಮಾತ್ರ ಒಂದು ಮೇಲೆ ಒಂದು ಕೆಳಗೆ! ನನ್ನ ಕಣ್ಣೇ ಕೆಟ್ಟಿತಾ ಅಂತ ಗಾಬರಿಯಾಯ್ತು. ರೇಂಜ್‌ಫೈಂಡರ್ ಅಲುಗಿತ್ತು. ಲೆನ್ಸ್ ತೆಗೆದರೆ ಬಾಯಿಯ ಮೇಲ್ಭಾಗದಲ್ಲಿ ಒಂದು ಪುಟ್ಟ ಉರುಳೆ ಕಾಣುತ್ತದೆ. ಲೆನ್ಸ್ ಹಿಂದೆ ಮುಂದೆ ಆದ ಹಾಗೆ ಅದು ಅಲುಗಿ, ಕಿಟಕಿಯ ಬಿಂಬವನ್ನು ಸರಿಸುತ್ತದೆ. ಇಡೀ ಫೋಕಸ್ ನಿಂತಿರೋದು ಆ ಉರುಳೆ ಇರೋ ಸನ್ನೆಕೋಲಿನ ಮೇಲೆ. ಕೂದಲೆಳೆಯಷ್ಟು ತಪ್ಪಿದರೂ ಎಫ್2ರಲ್ಲಿ ಕಣ್ಣಿನ ಬದಲು ಕಿವಿ ಶಾರ್ಪ್. ರಿಪೇರಿಗೆ ಕಳಿಸಿದೆ, ಮೂರು ತಿಂಗಳು ಬಿಟ್ಟು ಬಂತು, ಬಿಲ್ ಎಷ್ಟು ಅಂತ ಕೇಳಬೇಡಿ.

ಹಾಗಾಗಿ ಕೊಳ್ಳೋ ಮುಂಚೆ ದೂರದ ಮೊಬೈಲ್ ಟವರ್ ಕಡೆ ಹಿಡಿದು ಲೆನ್ಸ್ ಕೊನೆಗೆ ತಿರುಗಿಸಿ. ಎರಡು ಟವರ್ ಒಂದಾಗಬೇಕು. ಆಮೇಲೆ ಹತ್ತಿರದ್ದು ನೋಡಿ, 70 ಸೆಂಟಿಮೀಟರ್‌ಗಿಂತ ಹತ್ತಿರ ಈ ಕಿಟಕಿ ಫೋಕಸ್ ಮಾಡಲ್ಲ. ಊಟದ ಎಲೆ, ಉಂಗುರ ಇಂಥದ್ದಕ್ಕೆ ಹೋಗಲೇಬೇಡಿ. ಇಳಕಲ್ ಸೀರೆ ಚೌಕಳಿ ಮೇಲೂ ಫೋಕಸ್ ಇಡಬೇಡಿ, ಈ ಚೌಕಳಿ ಪಕ್ಕದ ಚೌಕಳಿ ಮೇಲೆ ಕೂತು ಸರಿಯಾಯ್ತು ಅಂತ ಮೋಸ ಮಾಡುತ್ತದೆ. ಮೂಗುತಿ ನೋಡಿ.

ಧೂಳಿಗೆ ಒಂದು ಸಮಾಧಾನ. ಎಂ10ರಲ್ಲಿ ಲೆನ್ಸ್ ತೆಗೆದಾಗ ಶಟರ್ ಮುಚ್ಚಿಯೇ ಇರುತ್ತದೆ, ಸೆನ್ಸರ್ ಅದರ ಹಿಂದೆ. ಆದರೂ ನಮ್ಮೂರ ಕೆಂಪು ಪುಡಿ ಹೇಗೋ ಒಳಗೆ ಹೋಗುತ್ತದೆ, ಅದು ದೇವರಿಗೇ ಗೊತ್ತು. ಬ್ಯಾಟರಿ, ಕಾರ್ಡ್ ತೆಗೆಯೋಕೆ ಕೆಳಗಿನ ತಗಡು ಪೂರ್ತಿ ಬಿಚ್ಚಬೇಕು. ಜಾತ್ರೆಯಲ್ಲಿ ಆ ತಗಡನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದೀನಿ ನಾನು. 2022ರ ಎಂ11ರಲ್ಲಿ ಆ ಕಾಟ ತೆಗೆದರು, ಆದರೆ ಅದರ ಬೆಲೆ ನಮ್ಮ ಮಾತಲ್ಲ. ಯಾರಾದರೂ ಅಗ್ಗಕ್ಕೆ ಹಳೇ ಮಾಡೆಲ್ ಎಂ9 ತೋರಿಸಿದರೆ, ಎಫ್16ರಲ್ಲಿ ಖಾಲಿ ಆಕಾಶ ತೆಗೆದು ನೋಡಿ. ಅದರ ಸೆನ್ಸರ್ ಗಾಜು ತುಕ್ಕು ಹಿಡಿಯೋದು ಎಲ್ಲರಿಗೂ ಗೊತ್ತಿರೋ ರೋಗ.

ಗಂಗಾವತಿ ಭತ್ತ:

ಸುಮ್ನೆ ಒಂದು ಫ್ಯೂಜಿ ಎಕ್ಸ್100 ಕ್ಯಾಮೆರಾ ತಗೊಳ್ಳಿ ರೀ. ಗಾಜಿನ ಕಿಟಕಿ ಇದೆ, ಫ್ರೇಮ್ ಗೆರೆ ಇದೆ, ಆಟೋಫೋಕಸ್ಸೂ ಇದೆ. ಉಳಿದ ದುಡ್ಡಲ್ಲಿ ಗದ್ದೆಗೆ ಬೋರ್ ಹಾಕಿಸಬಹುದು.

ರಾಯಚೂರು ಬಿಸಿಲು:

ತಪ್ಪೇನಿಲ್ಲ, ಅದೂ ಒಳ್ಳೇದೇ. ಆದರೆ ಅದರಲ್ಲಿ ಫೋಕಸ್ ರಿಂಗ್ ಸುತ್ತುತ್ತಲೇ ಇರುತ್ತದೆ, ಎಲ್ಲೂ ನಿಲ್ಲಲ್ಲ. ಬೆರಳಿಗೆ ದೂರ ಕಲಿಸೋಕೆ ಆಗಲ್ಲ.

ಕೌಲ್‌ಬಜಾರ್ ಕಾಕಾ:

ಕೊಪ್ಪಳದ ತಮ್ಮಾ, ಅಷ್ಟು ದುಡ್ಡು ಹಾಕೋ ಮುಂಚೆ ಒಂದು ಹಳೇ ಯಾಶಿಕಾ ಎಲೆಕ್ಟ್ರೋ 35 ಫಿಲ್ಮ್ ಕ್ಯಾಮೆರಾ ಹುಡುಕಿ. 1966ರಲ್ಲಿ ಬಂದದ್ದು, ಹಳೇ ಸ್ಟುಡಿಯೋದವರ ಅಟ್ಟದ ಮೇಲೆ ಇರುತ್ತದೆ. ಅದೂ ರೇಂಜ್‌ಫೈಂಡರೇ, ಅದೇ ಎರಡು ಬಿಂಬದ ಚೌಕ. ನಿಮ್ಮ ಕಣ್ಣಿಗೆ, ಕನ್ನಡಕಕ್ಕೆ ಅದು ಒಗ್ಗುತ್ತದೋ ಇಲ್ಲವೋ ಒಂದು ವಾರದಲ್ಲಿ ಗೊತ್ತಾಗುತ್ತದೆ. ಅದರ ಮೂಲ ಪಾದರಸದ ಬ್ಯಾಟರಿ ಈಗ ಸಿಗಲ್ಲ, ಚಿಂತೆ ಬೇಡ. ಬ್ಯಾಟರಿ ಇಲ್ಲದಿದ್ದರೆ ಶಟರ್ ಸುಮಾರು 1/500 ಸೆಕೆಂಡಿನಲ್ಲಿ ಓಡುತ್ತದೆ. ಐಎಸ್‌ಒ 100ರ ಫಿಲ್ಮ್, ಎಫ್8, ಬಳ್ಳಾರಿ ಮಧ್ಯಾಹ್ನ. ಲೆಕ್ಕ ತಾನಾಗೇ ಸರಿಹೋಗುತ್ತದೆ.

ಕೊಪ್ಪಳ ಕ್ಲಿಕ್:

ಕಾಕಾ, ಸಿಕ್ಕಿತು! ನಾನು ಕೆಲಸ ಕಲಿತ ಸ್ಟುಡಿಯೋದಲ್ಲೇ ಇತ್ತು, ಒಳಗೆ ಜೇಡರ ಬಲೆ. ಸುಮ್ನೆ ಕೊಟ್ಟರು. ಚೌಕ ಸ್ವಲ್ಪ ಮಂಕಾಗಿದೆ, ಆದರೂ ನಿನ್ನೆ ಸಂಜೆ ಅಂಗಳದಲ್ಲಿ ಅಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಾಗ ಸಂಡೂರಿನ ಅಕ್ಕ ಹೇಳಿದ ಹಾಗೆ ಮೂಗುತಿ ಮೇಲೆ ಕೂರಿಸಿದೆ. ಎರಡು ಮೂಗುತಿ ಒಂದಾದವು. ಕನ್ನಡಕ ಗಾಜಿಗೆ ತಾಗಿ ಗೀಚು ಬೀಳುತ್ತದೆ ಅಂತ ಕಿಟಕಿ ಸುತ್ತ ಸೈಕಲ್ ಟ್ಯೂಬ್ ತುಂಡು ಅಂಟಿಸಿದ್ದೇನೆ. ಎಂ10ನವರಿಗೆ ಒಂದು ತಿಂಗಳು ತಡೀರಿ ಅಂದಿದ್ದೇನೆ, ಕಾಯ್ತಾರೋ ಇಲ್ವೋ ನೋಡಬೇಕು.

ರೋಲ್ ಹಾಕಿದ್ದಾಯ್ತು. ಈಗ ಇದನ್ನು ತೊಳೆದುಕೊಡೋರು ಹೊಸಪೇಟೆ, ಬಳ್ಳಾರಿ ಕಡೆ ಯಾರಾದರೂ ಉಳಿದಿದ್ದಾರಾ?