ಸೈಡ್-ಬೈ-ಸೈಡ್ ಫ್ರಿಜ್ ತಣ್ಣಗಾಗುತ್ತಿಲ್ಲ: ಗ್ಯಾಸ್ ಹಾಕಿಸಬೇಕಾ?

ಪ್ರಶ್ನೆ: 650 ಲೀಟರಿನ ಇನ್ವರ್ಟರ್ ಫ್ರಿಜ್, ಆರು ವರ್ಷದ್ದು. ವಾರದಿಂದ ಫ್ರಿಜ್ ಕಡೆ 14 ಡಿಗ್ರಿ, ಫ್ರೀಜರ್ ಕಡೆ ಮೈನಸ್ 9. ಕಂಪ್ರೆಸರ್ ನಿಲ್ಲದೆ ಓಡುತ್ತಿದೆ. ಡಿಸ್‌ಪ್ಲೇಯಲ್ಲಿ ಎರರ್ ಏನೂ ಇಲ್ಲ. ಬಂದ ಮೆಕ್ಯಾನಿಕ್ ಹಿಂದೆ ಕೈ ಇಟ್ಟು ನೋಡಿ ‘ಗ್ಯಾಸ್ ಹೋಗಿದೆ’ ಅಂದರು. ಎರಡು ವಾರದ ಹಿಂದೆಯೂ ಹೀಗೇ ಆಗಿತ್ತು. ಆಗ ಸ್ವಿಚ್ ಆಫ್ ಮಾಡಿ, ಬಾಗಿಲು ತೆರೆದಿಟ್ಟು ಎರಡು ದಿನ ಊರಿಗೆ ಹೋಗಿದ್ದೆವು. ಬಂದು ಹಾಕಿದರೆ ಸರಿಯಾಗಿತ್ತು. ಗ್ಯಾಸ್ ಹಾಕಿಸಿಬಿಡಲೇ ಸರ್?

ಉತ್ತರ: ಬೇಡ, ತಡೀರಿ. ನಿಮ್ಮ ಕೊನೆಯ ಮಾತಿನಲ್ಲೇ ಕಾಯಿಲೆ ಸಿಕ್ಕಿತು. ಹೋದ ಗ್ಯಾಸ್ ಸ್ವಿಚ್ ಆಫ್ ಮಾಡಿದರೆ ವಾಪಸ್ ಬರುವುದಿಲ್ಲ, ಆದರೆ ಕಟ್ಟಿದ ಐಸ್ ಕರಗುತ್ತದೆ. ಫ್ರಾಸ್ಟ್-ಫ್ರೀ ಫ್ರಿಜ್ಜಿನಲ್ಲಿ ತಂಪು ಹುಟ್ಟುವ ಕಾಯಿಲ್ ಫ್ರೀಜರಿನ ಹಿಂಗೋಡೆಯ ಪ್ಯಾನೆಲ್ ಹಿಂದೆ ಇರುತ್ತದೆ. ಅದರ ಮೇಲೆ ಕೂರುವ ಐಸನ್ನು ಡಿಫ್ರಾಸ್ಟ್ ಹೀಟರ್ ಆಗಾಗ ಕರಗಿಸಬೇಕು. ಅದು ಕೈಕೊಟ್ಟರೆ ಐಸ್ ತುಂಬಿ ಗಾಳಿಯ ದಾರಿ ಮುಚ್ಚುತ್ತದೆ. ಮೊದಲು ಕೆಡುವುದು ಫ್ರಿಜ್ ಕಡೆ, ಏಕೆಂದರೆ ಅನೇಕ ಮಾಡೆಲ್‌ಗಳಲ್ಲಿ ಅಲ್ಲಿಗೆ ತಂಪು ಬರುವುದು ಫ್ರೀಜರಿನ ಗಾಳಿಯಿಂದಲೇ.

ಪ್ಲಗ್ ತೆಗೆದು, ಪ್ಯಾನೆಲ್ ಬಿಚ್ಚಿ, ಒಂದು ಫೋಟೊ ಹಾಕಿ. ಕಾಯಿಲ್ ಇಡೀ ಬಿಳಿ ಗೋಡೆಯಂತೆ ಮುಚ್ಚಿದ್ದರೆ ಡಿಫ್ರಾಸ್ಟ್ ದೋಷ. ಎಲ್ಲ ಸುತ್ತುಗಳಲ್ಲೂ ತೆಳುವಾಗಿ, ಸಮನಾಗಿ ಐಸ್ ಇದ್ದರೆ ಗ್ಯಾಸ್ ಸರಿಯಿದೆ. ಫ್ಯಾನ್, ಡ್ಯಾಂಪರ್ (ಫ್ರಿಜ್ ಕಡೆಗೆ ತಂಪು ಗಾಳಿ ಬಿಡುವ ಚಿಕ್ಕ ಬಾಗಿಲು) ನೋಡಬೇಕು. ಗ್ಯಾಸ್ ಒಳಬರುವ ಮೊದಲ ಎರಡು-ಮೂರು ಸುತ್ತಿಗೆ ಮಾತ್ರ ಐಸ್ ಹಿಡಿದು ಉಳಿದದ್ದು ಒಣಗಿದ್ದರೆ, ಆಗ ಗ್ಯಾಸಿನ ಮಾತು. ಪ್ಯಾನೆಲ್ ಬಿಚ್ಚದೆ ‘ಗ್ಯಾಸ್ ಹೋಗಿದೆ’ ಅನ್ನುವವರನ್ನು ನಂಬಬೇಡಿ.

ಪ್ರಶ್ನೆ: ಬಿಚ್ಚಿದೆ. ಇಡೀ ಕಾಯಿಲ್ ಐಸ್ ಗಡ್ಡೆ, ಫ್ಯಾನಿನವರೆಗೂ ಬಂದಿದೆ. ಈಗ?

ಉತ್ತರ: ಚಾಕು, ಸ್ಕ್ರೂಡ್ರೈವರ್ ಹಾಕಿ ಕೆತ್ತಬೇಡಿ. ಕಾಯಿಲ್ ಅಲ್ಯೂಮಿನಿಯಂನದು, ತೂತು ಬಿದ್ದರೆ ಖರ್ಚು ಹತ್ತು ಪಟ್ಟು. ಎರಡೂ ಬಾಗಿಲು ತೆರೆದು, ಕೆಳಗೆ ಹಳೇ ಬಟ್ಟೆ ಹಾಸಿ 24 ಗಂಟೆ ಬಿಡಿ. ಕೆಳಗಿನ ನೀರಿನ ತೂತಿಗೆ ಉಗುರುಬೆಚ್ಚಗಿನ ನೀರು ಬಿಟ್ಟು ಹಿಂದಿನ ತಟ್ಟೆಗೆ ಇಳಿಯುತ್ತದೋ ನೋಡಿ. ಅದು ಕಟ್ಟಿದ್ದರೆ ಹೀಟರ್ ಸರಿಯಿದ್ದರೂ ಬುಡದಿಂದ ಐಸ್ ಬೆಳೆಯುತ್ತದೆ.

ಆಮೇಲೆ ಮಲ್ಟಿಮೀಟರ್. ಹೀಟರಿನ ಕನೆಕ್ಟರ್ ಬಿಡಿಸಿ ಓಮ್ ನೋಡಿ. 230 ವೋಲ್ಟಿನ 200 ವ್ಯಾಟ್ ಹೀಟರ್ ಆದರೆ ಸುಮಾರು 265 ಓಮ್, 150 ವ್ಯಾಟ್ ಆದರೆ ಸುಮಾರು 350. ಏನೂ ತೋರಿಸದಿದ್ದರೆ ಹೀಟರ್ ಸುಟ್ಟಿದೆ. ಹೀಟರಿಗೆ ಸರಣಿಯಲ್ಲಿ ಕಾಯಿಲ್ ಪಕ್ಕ ಒಂದು ಥರ್ಮಲ್ ಫ್ಯೂಸ್ ಇರುತ್ತದೆ, 70 ಡಿಗ್ರಿಯ ಆಸುಪಾಸಿನದು. ಅದರಲ್ಲಿ ಸೊನ್ನೆ ಓಮ್ ಬರಬೇಕು. ಇನ್ನೊಂದು ಡಿಫ್ರಾಸ್ಟ್ ಸೆನ್ಸರ್. ಅದನ್ನು ಐಸ್ ನೀರಿನ ಲೋಟದಲ್ಲಿ ಐದು ನಿಮಿಷ ಇಡಿ. 25 ಡಿಗ್ರಿ ಕೋಣೆಯಲ್ಲಿ ಇದ್ದ ಓಮ್ ಅಲ್ಲಿ ಸುಮಾರು ಮೂರು ಪಟ್ಟಾಗಬೇಕು. ಅಲುಗದೆ ನಿಂತರೆ ಅಥವಾ ಹಿಂದೆ ಮುಂದೆ ಕುಣಿದರೆ ಬದಲಿಸಿ.

ಪ್ರಶ್ನೆ: ಹೀಟರ್ 262 ಓಮ್, ಸೆನ್ಸರ್ ಸರಿ. ಫ್ಯೂಸ್ ಓಪನ್! ವೈರ್ ನೇರ ಜೋಡಿಸಬಹುದಾ?

ಉತ್ತರ: ಖಂಡಿತ ಬೇಡ. ಹೀಟರ್ ಆಫ್ ಆಗದೆ ಉಳಿದ ದಿನ ಒಳಗಿನ ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತುವುದನ್ನು ತಡೆಯುವುದು ಆ ಚಿಕ್ಕ ಫ್ಯೂಸೇ. ಅದೇ ಡಿಗ್ರಿಯ, ಅದೇ ಆಂಪಿಯರಿನ ಹೊಸದು ಹಾಕಿ. ಸೋಲ್ಡರ್ ಮಾಡಿದರೆ ಬಿಸಿಗೇ ಹೊಸ ಫ್ಯೂಸ್ ಹೋಗುತ್ತದೆ. ಕ್ರಿಂಪ್ ಮಾಡಿ (ಬಿಸಿ ಇಲ್ಲದೆ ಒತ್ತಿ ಕೂಡಿಸಿ), ಮೇಲೆ ನೀರು ಹೋಗದ ಸ್ಲೀವ್ ಹಾಕಿ. ಜೊತೆಗೆ ಹಳೆಯದು ಯಾಕೆ ಹೋಯಿತು ಅಂತ ನೋಡಬೇಕು. ಬೋರ್ಡಿನ ಹೀಟರ್ ರಿಲೇ (ಹೀಟರನ್ನು ಆನ್-ಆಫ್ ಮಾಡುವ ಸ್ವಿಚ್) ಅಂಟಿಕೊಂಡಿದ್ದರೆ ಹೊಸದೂ ಬೇಗ ಸಾಯುತ್ತದೆ. ಬೋರ್ಡಿನ ಟೆಸ್ಟ್ ಬಟನ್‌ನಿಂದ ಡಿಫ್ರಾಸ್ಟ್ ಶುರು ಮಾಡಿ ಹೀಟರಿನ ವೈರ್ ಸುತ್ತ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿಯಿರಿ: 200 ವ್ಯಾಟಿಗೆ 0.9 ಆಂಪಿಯರ್ ಹತ್ತಿರ ಏರಬೇಕು, ಮುಗಿದಾಗ ಇಳಿಯಬೇಕು. ಇಳಿಯದಿದ್ದರೆ ರಿಲೇ ಬದಲಿಸಿ. ಬಾಗಿಲ ರಬ್ಬರನ್ನೂ ನೋಡಿ. ಮಳೆಗಾಲದ ಕರಾವಳಿ ಗಾಳಿ ಅದರ ಸಂದಿಯಲ್ಲಿ ನುಗ್ಗಿದರೆ ಯಾವ ಹೀಟರಿಗೂ ಸಾಕಾಗುವುದಿಲ್ಲ.

ಮತ್ತೊಬ್ಬರ ಪ್ರಶ್ನೆ: ನಮ್ಮದರಲ್ಲಿ ಐಸ್ ಮೂಲೆಯ ಎರಡೇ ಸುತ್ತಿಗೆ. ಲೇಬಲ್ ಮೇಲೆ ಆರ್-600ಎ, 68 ಗ್ರಾಂ ಅಂತಿದೆ. ‘ಸ್ವಲ್ಪ ಟಾಪ್-ಅಪ್ ಮಾಡ್ತೀನಿ’ ಅಂತಾರೆ.

ಇನ್ನೊಬ್ಬ ಟೆಕ್ನಿಷಿಯನ್: ಟಾಪ್-ಅಪ್ ಅನ್ನುವ ಮಾತು ಕೇಳಿದ ಕೂಡಲೇ ಬೇರೆಯವರನ್ನು ಕರೆಯಿರಿ. ಆರ್-600ಎ ಅಂದರೆ ಐಸೊಬ್ಯುಟೇನ್, ಕುದಿಯುವ ಬಿಂದು ಮೈನಸ್ 11.7 ಡಿಗ್ರಿ. ಫ್ರೀಜರ್ ಅದಕ್ಕಿಂತ ತಂಪಾಗಿ ಓಡುವಾಗ ಕಾಯಿಲ್ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ತೂತಿದ್ದರೆ ಗ್ಯಾಸ್ ಹೊರಬರುವ ಬದಲು ಗಾಳಿ, ತೇವ ಒಳಗೆ ಎಳೆದುಕೊಳ್ಳುತ್ತದೆ. ಆ ತೇವ ಕ್ಯಾಪಿಲರಿಯಲ್ಲಿ (ಕಾಯಿಲ್‌ಗೆ ಗ್ಯಾಸ್ ಬಿಡುವ ತೀರಾ ಸಣ್ಣ ಪೈಪ್) ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಮೇಲಿಂದ ಗ್ಯಾಸ್ ಸುರಿದರೆ ಏನು ಬಂತು?

ಕ್ರಮ ಹೀಗೆ: ಇದ್ದ ಗ್ಯಾಸನ್ನು ಪೈಪ್ ಮೂಲಕ ಮನೆಯ ಹೊರಗೆ ಬಿಟ್ಟು, ನೈಟ್ರೋಜನ್ ಹಾಯಿಸಿ, ಲೇಬಲ್ ಮೇಲಿನ ಒತ್ತಡ ಮೀರದೆ ನೈಟ್ರೋಜನ್ ತುಂಬಿ, ಸೋಪ್ ನೊರೆಯಿಂದ ಲೀಕ್ ಹುಡುಕಬೇಕು. ಆಕ್ಸಿಜನ್ ಬಳಸಿದರೆ ಎಣ್ಣೆಯ ಜೊತೆ ಸೇರಿ ಸ್ಫೋಟವಾಗುತ್ತದೆ. ಲೀಕ್ ಮುಚ್ಚಿ, ತೇವ ಹೀರುವ ಫಿಲ್ಟರ್ ಡ್ರೈಯರ್ ಹೊಸದು ಹಾಕಿ, ಪಂಪಿನಿಂದ ಒಳಗಿನ ಗಾಳಿ ಎಳೆದಾಗ ವ್ಯಾಕ್ಯೂಮ್ 500 ಮೈಕ್ರಾನಿಗೆ (ಒತ್ತಡದ ಅತಿ ಸಣ್ಣ ಮಾನ) ಇಳಿದು ಅಲ್ಲೇ ನಿಲ್ಲಬೇಕು. ಕೊನೆಗೆ 68 ಗ್ರಾಂ, ತಕ್ಕಡಿ ಮೇಲೆ ತೂಗಿ. ಹಳೇ ಆರ್-134ಎ ಗ್ಯಾಸಿನ ಫ್ರಿಜ್ಜಿನಂತೆ ಒತ್ತಡದ ಗೇಜ್ ನೋಡಿ ಹಾಕುವವರಿಗೆ ಇದು ಒಗ್ಗುವುದಿಲ್ಲ. ಇಷ್ಟು ಕಡಿಮೆ ಗ್ಯಾಸಿನಲ್ಲಿ ಐದು ಗ್ರಾಂ ತಪ್ಪಿದರೂ ಗೊತ್ತಾಗುತ್ತದೆ.

ಗಾಳಿಯಲ್ಲಿ 1.8 ಶೇಕಡಾ ಸೇರಿದರೆ ಇದು ಹೊತ್ತಿಕೊಳ್ಳುತ್ತದೆ. ಕಂಪ್ರೆಸರ್ ಎಣ್ಣೆಯಲ್ಲಿ ಕರಗಿದ್ದ ಗ್ಯಾಸ್ ಆಮೇಲೂ ಹೊರಬರುತ್ತಿರುತ್ತದೆ. ಹಾಗಾಗಿ ಅಡುಗೆಮನೆಯಲ್ಲಿ ಟಾರ್ಚ್ ಹಚ್ಚಿ ಬ್ರೇಜಿಂಗ್ (ಬೆಂಕಿಯಿಂದ ಪೈಪ್ ಬೆಸೆಯುವುದು) ಬೇಡ, ಒತ್ತಿ ಕೂಡಿಸುವ ಲಾಕ್‌ರಿಂಗ್ ಜೋಡಣೆ ಸಾಕು.

ಮತ್ತೊಬ್ಬರ ಪ್ರಶ್ನೆ: ಕರೆಂಟ್ ಏರುಪೇರಾದ ರಾತ್ರಿಯಿಂದ ಎರಡೂ ಕಡೆ ಬಿಸಿ. ಲೈಟ್ ಉರಿಯುತ್ತದೆ, ಕಂಪ್ರೆಸರ್ ಸದ್ದಿಲ್ಲ.

ಉತ್ತರ: ಕಂಪ್ರೆಸರ್ ಓಡಿಸುವ ಇನ್ವರ್ಟರ್ ಬೋರ್ಡ್ ಮೇಲೆ ಅನುಮಾನ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟ್ ದಾಟಿದ ಚಾರ್ಜ್ ಉಳಿದಿರುತ್ತದೆ. ಕನಿಷ್ಠ ಹತ್ತು ನಿಮಿಷ ಕಾದು, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿ. ಕಂಪ್ರೆಸರಿನ ಮೂರು ಪಿನ್‌ಗಳ ನಡುವೆ ಎರಡೆರಡಾಗಿ ಅಳೆಯಿರಿ. ಮೂರೂ ಸಲ ಒಂದೇ ಅಂಕಿ ಬಂದು, ಪಿನ್‌ಗೂ ಕಂಪ್ರೆಸರಿನ ಲೋಹದ ಹೊರಮೈಗೂ ನಡುವೆ ಏನೂ ತೋರಿಸದಿದ್ದರೆ ಕಂಪ್ರೆಸರ್ ಸುತ್ತು ಸರಿ, ಬೋರ್ಡ್ ಕಡೆ ನೋಡಿ. ಒಂದು ಜೋಡಿ ಬೇರೆ ಬಂದರೆ ಬೋರ್ಡಿಗೆ ದುಡ್ಡು ಹಾಕಬೇಡಿ. ಲೀನಿಯರ್ ಕಂಪ್ರೆಸರ್ (ಮೋಟಾರ್ ತಿರುಗದೆ ಪಿಸ್ಟನ್ ನೇರ ಹಿಂದೆ ಮುಂದೆ ಓಡುವಂಥದು) ಆದರೆ ಈ ಪರೀಕ್ಷೆ ಬೇರೆ, ಅದರಲ್ಲಿ ಮೂರು ಸುತ್ತಿಲ್ಲ. ಬೋರ್ಡ್ ತಿರುಗಿಸಿ ಬೆನ್ನನ್ನೂ ನೋಡಿ: ಬೆಚ್ಚಗಿನ ಜಾಗ ಅಂತ ಹಲ್ಲಿ, ಇರುವೆ ಸೇರಿ ಶಾರ್ಟ್ ಆಗಿರುವುದುಂಟು, ಅದಕ್ಕೆ ಕರೆಂಟಿನ ಮೇಲೆ ತಪ್ಪು ಹೊರಿಸುತ್ತೇವೆ.