ನಾಲ್ಕು ಎಕರೆ ಬಾಣೆಯಲ್ಲಿ ಅಟ್ಟಣೆ ಕಟ್ಟಿದ ಮೇಲೆ ಕಡವೆ ಸಂಜೆ ಹೊತ್ತು ಬರುತ್ತಿಲ್ಲ, ಜಾಗ ತಪ್ಪಾಯಿತೇ?

ಬಾಣೆಯಂಚು (ಪೊನ್ನಂಪೇಟೆ ಕಡೆ):
ಎಲ್ಲರಿಗೂ ನಮಸ್ಕಾರ. ಇದು ಕೂತು ನೋಡಲು, ಫೋಟೋ ತೆಗೆಯಲು ಕಟ್ಟಿದ ಅಟ್ಟಣೆ. ಕೋವಿಗೂ ಇದಕ್ಕೂ ಸಂಬಂಧ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಜಾಗ ಹೀಗಿದೆ. ಎಲ್ಲಕ್ಕಿಂತ ಮೇಲೆ ಮನೆ, ಅದರ ಕೆಳಗೆ ರೊಬಸ್ಟಾ ಕಾಫಿ ತೋಟ, ತೋಟದ ಕೆಳಗೆ ನಾಲ್ಕು ಎಕರೆ ಬಾಣೆ (ಗದ್ದೆಗೆ ಸೇರಿದ ಕಾಡುಜಾಗ), ಬಾಣೆ ಮುಗಿದಲ್ಲಿ ಗದ್ದೆ. ಇಳಿಜಾರು ಪಶ್ಚಿಮಕ್ಕೆ. ಗದ್ದೆಯ ಆಚೆ ಅಂಚಿನಲ್ಲಿ ತೋಡು, ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಉತ್ತರದ ಮೂಲೆಯಲ್ಲಿ ಹಳೆಯ ಕದಂಗವೊಂದು (ಹಿಂದಿನ ಕಾಲದ ಕಂದಕ) ಗದ್ದೆಗೆ ಬಂದು ಸೇರುತ್ತದೆ, ಅದರಾಚೆ ಊರಿನ ದೇವರಕಾಡು. ದಕ್ಷಿಣದ ತುದಿಯಲ್ಲಿ ಜೀಪು ಬರುವ ಮಣ್ಣಿನ ರಸ್ತೆ.

ನವೆಂಬರಿನಲ್ಲಿ ಗದ್ದೆ ಬದುವಿನ ಹತ್ತಿರ ಕ್ಯಾಮೆರಾ ಟ್ರ್ಯಾಪ್ ಇಟ್ಟಿದ್ದೆ. ಒಂದು ಹೆಣ್ಣು ಕಡವೆ ಮರಿ ಜೊತೆ ವಾರಕ್ಕೆ ಮೂರು ನಾಲ್ಕು ಸಂಜೆ ಬರುತ್ತಿತ್ತು, ಇನ್ನೂ ಬೆಳಕಿರುವಾಗಲೇ. ಕಾಡುಕುರಿಯೂ (ಬೊಗಳುವ ಜಿಂಕೆ) ಒಂದಿತ್ತು. ಹುತ್ತರಿ ಮುಗಿದು ಕೊಯ್ಲಾದ ಮೇಲೆ ಬಾಣೆಯ ನಟ್ಟನಡುವಿನ ಮತ್ತಿ ಮರದಲ್ಲಿ 12 ಅಡಿ ಎತ್ತರಕ್ಕೆ ಅಟ್ಟಣೆ ಕಟ್ಟಿ, ಮೇಲೆ ಟಾರ್ಪಾಲು ಹೊದಿಸಿದೆ. ಐದು ಗಂಟೆಗೆ ಮನೆಯಿಂದ ತೋಟ ಇಳಿದು, ಬಾಣೆಯ ಕಾಲುದಾರಿಯಲ್ಲಿ ಹೋಗಿ ಕೂರುತ್ತೇನೆ. ಹದಿನಾಲ್ಕು ಸಂಜೆ ಕೂತೆ. ಕಾಡುಕುರಿ ಎರಡು ಸಲ ಬೊಗಳಿದ್ದು ಕೇಳಿಸಿತು, ಕಣ್ಣಿಗೆ ಏನೂ ಬೀಳಲಿಲ್ಲ. ಕ್ಯಾಮೆರಾದಲ್ಲಿ ಮಾತ್ರ ಕಡವೆ ಈಗಲೂ ಬರುತ್ತಿದೆ, ಆದರೆ ರಾತ್ರಿ ಹನ್ನೊಂದರ ಮೇಲೆ. ಎಲ್ಲಿ ತಪ್ಪಿದೆ?

ಕಾಫಿಹೂ:
ಭತ್ತ ಕೊಯ್ದಾಯಿತಲ್ಲ, ಮೇವು ಹೋಯಿತು, ಅದಕ್ಕೇ ಇರಬೇಕು. ಒಂದು ಕಲ್ಲುಪ್ಪಿನ ಗಡ್ಡೆ ಅಟ್ಟಣೆ ಎದುರಿಗೆ ಇಟ್ಟು ನೋಡಿ.

ಕದಂಗದಾಚೆ:
ಉಪ್ಪು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎಂಬುದಕ್ಕೆ ಕೊಡುವ ಅರ್ಥದಲ್ಲಿ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಳು ಒಡ್ಡುವುದು, ಅಟ್ಟುವುದು, ಆಮಿಷ ಇಡುವುದು ಎಲ್ಲವೂ ಸೇರಿದೆ. ಕೊಡಗಿನಲ್ಲಿ ನಮಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯ ವಿನಾಯಿತಿ ಇದೆ, ನಿಜ. ಅದು ಕೋವಿಗೆ ಮಾತ್ರ, ಬೇಟೆಗಲ್ಲ. ಅಟ್ಟಣೆ, ಪಕ್ಕದಲ್ಲಿ ಉಪ್ಪು, ಮನೆಯಲ್ಲಿ ಕೋವಿ, ಇಷ್ಟು ಒಟ್ಟಿಗೆ ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ.

ಮೇವೂ ಕಾರಣವಲ್ಲ ಅನಿಸುತ್ತದೆ. ಮೇವು ಮುಗಿದಿದ್ದರೆ ಹನ್ನೊಂದಕ್ಕೂ ಬರುತ್ತಿರಲಿಲ್ಲ. ಕೂಳೆಯ ಚಿಗುರು, ಬದುವಿನ ಹುಲ್ಲು ಇನ್ನೂ ಎಳೆಯುತ್ತಿದೆ. ಕಡವೆ ಜಾಗ ಬಿಟ್ಟಿಲ್ಲ, ಹೊತ್ತು ಬದಲಿಸಿದೆ. ನೀವು ಇರುವ ಹೊತ್ತು ಯಾವುದು ಅಂತ ಅದು ಕಲಿತಿದೆ.

ಬಾಣೆಯಂಚು ಅಣ್ಣ, ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇದೇ ತಪ್ಪನ್ನು ನಾನು ಎರಡು ವರ್ಷ ಮಾಡಿದೆ. ಈಗ ರೊಬಸ್ಟಾ ಕುಯ್ಲು. ತೋಟದ ತುಂಬ ಆಳುಗಳು, ಮಾತು, ರೇಡಿಯೋ. ಹಗಲಿಡೀ ಆ ಕಡವೆಗೆ ಸದ್ದಿಲ್ಲದೆ ಮಲಗಲು ಉಳಿದಿರುವುದು ನಿಮ್ಮ ಬಾಣೆಯ ಲಂಟಾನ ಪೊದೆಗಳು, ಇಲ್ಲವೇ ದೇವರಕಾಡು. ನೀವು ಐದು ಗಂಟೆಗೆ ಅದರ ಮಲಗುವ ಮನೆಯ ನಡುವೆ ನಡೆದು ಹೋಗುತ್ತೀರಿ. ಐನೂರು ಎಕರೆ ಕಾಡಾದರೆ ಪಕ್ಕಕ್ಕೆ ಸರಿದು ಸುಮ್ಮನಾದೀತು. ನಾಲ್ಕು ಎಕರೆಯಲ್ಲಿ ಸರಿಯಲು ಜಾಗವೆಲ್ಲಿ? ಸಣ್ಣ ಕಾಡಿನಲ್ಲಿ ನಡುವಿನ ಮರ ಎಷ್ಟೇ ಚೆನ್ನಾಗಿರಲಿ, ಅದನ್ನು ಬಿಟ್ಟುಬಿಡಬೇಕು. ಒಳಗೆ ಹೋಗದೆ ಹೊರ ಅಂಚಿನಲ್ಲೇ ಕೂರಬೇಕು. ಮರ ಹುಡುಕುವ ಮೊದಲು ಆ ಮರಕ್ಕೆ ಹೋಗುವ ದಾರಿ, ವಾಪಸು ಬರುವ ದಾರಿ ಹುಡುಕಬೇಕು.

ಎರಡನೆಯದು ಗಾಳಿ, ಇದೇ ದೊಡ್ಡದು. ಹಗಲು ಬಿಸಿಲಿಗೆ ಇಳಿಜಾರು ಕಾದು ಗಾಳಿ ಮೇಲಕ್ಕೇರುತ್ತದೆ. ಹೊತ್ತು ಮುಳುಗುವ ಮುಂಚೆ ನೆರಳು ಬಿದ್ದ ಕಡೆ ನೆಲ ತಣ್ಣಗಾಗಿ, ತಂಪು ಗಾಳಿ ಭಾರವಾಗಿ ಇಳಿಜಾರಿನ ಗುಂಟ ಗದ್ದೆಗೆ ಇಳಿಯುತ್ತದೆ, ಗದ್ದೆಯಿಂದ ತೋಡು ಹರಿಯುವ ಕಡೆಗೇ ಹರಿಯುತ್ತದೆ. ಬೆಳಗಿನ ಜಾವ ಮಂಜು ಗದ್ದೆಯಲ್ಲಿ ತುಂಬಿ ನಿಲ್ಲುತ್ತದಲ್ಲ, ಆ ತಂಪು ಇಳಿದುಬಂದದ್ದು ಅದೇ ದಾರಿಯಲ್ಲಿ. ಜನವರಿಯಲ್ಲಿ ಬೀಸುವ ಗಾಳಿಯೂ ಹೆಚ್ಚಾಗಿ ಈಶಾನ್ಯದ್ದು. ಎರಡೂ ಸೇರಿ ನಿಮ್ಮ ಮೈವಾಸನೆಯನ್ನು ನೇರವಾಗಿ ಗದ್ದೆಗೆ, ಕಡವೆ ಬರುವ ಜಾಗಕ್ಕೇ ಸುರಿಯುತ್ತಿವೆ. ಅದು ಅಂಚಿಗೆ ಬಂದು ಮೂಗೆತ್ತಿದರೆ ಸಾಕು. ಕಾಡುಕುರಿ ಬೊಗಳಿದ್ದು ಬಹುಶಃ ನಿಮ್ಮನ್ನೇ ಕಂಡು. ಅದು ಬೊಗಳಿದರೆ ಸುತ್ತಲಿನ ಪ್ರಾಣಿಗಳೆಲ್ಲ ಕಿವಿ ನಿಮಿರಿಸುತ್ತವೆ.

ಒಂದು ಪರೀಕ್ಷೆ ಮಾಡಿ. ಬೂರುಗದ ಹತ್ತಿ ಎಳೆ ಎಳೆಯಾಗಿ ಬಿಡಿಸಿ ಜೇಬಿನಲ್ಲಿಟ್ಟುಕೊಳ್ಳಿ. ನಾಲ್ಕೂವರೆಗೆ ಒಂದು, ಐದೂವರೆಗೆ ಒಂದು, ಆರೂಕಾಲಿಗೆ ಒಂದು ಎಳೆ ಗಾಳಿಗೆ ಬಿಡಿ. ಎಲ್ಲಿಗೆ ತೇಲುತ್ತದೆ ಅಂತ ಕಣ್ಣಿಗೆ ಕಾಣುವಷ್ಟು ದೂರ ನೋಡಿ. ಊದುಬತ್ತಿ ಹಚ್ಚಬೇಡಿ, ಅದರದ್ದೇ ವಾಸನೆ.

ಇನ್ನು ಎಲ್ಲಿ ಕೂರುವುದು? ನಿಮ್ಮ ವಿವರಣೆ ಪ್ರಕಾರ ಗದ್ದೆಯ ದಕ್ಷಿಣ ಮೂಲೆ, ರಸ್ತೆಗೆ ಹತ್ತಿರ, ತೋಡಿನ ಪಕ್ಕ. ತಂಪು ಗಾಳಿ ನಿಮ್ಮನ್ನು ದಾಟಿ ಇನ್ನೂ ಕೆಳಕ್ಕೆ ಹೋಗುತ್ತದೆ, ಗದ್ದೆಗೆ ಬರುವುದಿಲ್ಲ. ಉತ್ತರಕ್ಕೆ ಮುಖ ಮಾಡಿ ಕೂತರೆ ಮುಳುಗುವ ಬಿಸಿಲು ಕಣ್ಣಿಗೂ ಲೆನ್ಸಿಗೂ ಹೊಡೆಯುವುದಿಲ್ಲ. ಬಾಣೆಗೆ ಕಾಲಿಡದೆ ರಸ್ತೆಯಿಂದಲೇ ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಜಾಗ ಕೆಲಸಕ್ಕೆ ಬಾರದು, ಆಗ ನೈಋತ್ಯದ ಗಾಳಿ ನಿಮ್ಮ ವಾಸನೆಯನ್ನು ಬಾಣೆಗೇ ಒಯ್ಯುತ್ತದೆ.

ಟಾರ್ಪಾಲು ಯಾವ ಬಣ್ಣದ್ದು?

ಬಾಣೆಯಂಚು:
ನೀಲಿ. ಕಾಫಿ ಮುಚ್ಚುವುದೇ.

ಕದಂಗದಾಚೆ:
ಇವತ್ತೇ ತೆಗೆಯಿರಿ. ಜಿಂಕೆ ಜಾತಿಯ ಕಣ್ಣಿಗೆ ಕೆಂಪು, ಕಿತ್ತಳೆ ಸರಿಯಾಗಿ ಗೊತ್ತಾಗುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಮೇಲಾಗಿ ಗಾಳಿಗೆ ಪಟಪಟ ಅನ್ನುತ್ತದೆ. ಹಳೇ ಗೋಣಿ ಸಾಕು, ಆದರೆ ಗೊಬ್ಬರದ ಚೀಲ ಬೇಡ.

ಹಳೇಕಂಡಿ:
ತಮ್ಮಾ, ನನಗೆ ಎಪ್ಪತ್ತು ದಾಟಿದೆ. ನಾನು ಹುಡುಗನಿದ್ದಾಗ, ಕಾಯ್ದೆ ಬರುವ ಮುಂಚೆ, ಊರೆಲ್ಲ ಸೇರಿ ಬೇಟೆಗೆ ಹೋಗುತ್ತಿದ್ದರು. ಈಗ ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವುದಷ್ಟೇ, ಅದೇ ಸರಿ. ಆದರೆ ಆ ಹಿರಿಯರಿಗೆ ಗೊತ್ತಿದ್ದ ಒಂದು ಮಾತು ನಿಮ್ಮ ಫೋಟೋಕ್ಕೂ ಉಪಯೋಗ. ಕದಂಗ ಗದ್ದೆಗೆ ಬಂದು ಸೇರುವ ಕಡೆ ದಿಬ್ಬ ಕುಸಿದು ಒಂದು ಕಂಡಿ ಆಗಿರುತ್ತದೆ. ಪ್ರಾಣಿ ಆಳದ ಕಂದಕ ಹತ್ತಿ ಇಳಿಯುವುದಿಲ್ಲ, ಕಂಡಿ ಹುಡುಕಿ ದಾಟುತ್ತದೆ. ಕೋವಿ ಹಿಡಿದವರನ್ನು ಅಲ್ಲೇ ಕೂರಿಸುತ್ತಿದ್ದರು, ಕಂಡಿಯ ಬಾಯಲ್ಲಿ ಅಲ್ಲ, ಗಾಳಿ ಬೀಸಿ ಹೋಗುವ ಕಡೆ ಸ್ವಲ್ಪ ದೂರದಲ್ಲಿ. ಮಧ್ಯಾಹ್ನದ ಹೊತ್ತು ಒಂದೇ ಒಂದು ಸಲ ಹೋಗಿ ಆ ಕಂಡಿಯ ಮಣ್ಣಿನಲ್ಲಿ ಗೊರಸು ನೋಡು. ಹಾಗೇ ಬೇಲಿತಂತಿಯ ಉರುಳು ಯಾರಾದರೂ ಕಟ್ಟಿದ್ದಾರಾ ನೋಡು. ಹಂದಿಗೆ ಅಂತ ಕಟ್ಟುತ್ತಾರೆ, ಕಡವೆಯೂ ಬೀಳುತ್ತದೆ, ಚಿರತೆಯೂ ಬೀಳುತ್ತದೆ. ಕಂಡರೆ ಫೋಟೋ ತೆಗೆದು ಅರಣ್ಯದವರಿಗೆ ಹೇಳು.

ತಿತಿಮತಿಯ ಅಕ್ಕ:
ಎಲ್ಲರೂ ಕಡವೆ ಬಗ್ಗೆ ಹೇಳಿದಿರಿ, ಆನೆ ಬಗ್ಗೆ ಯಾರೂ ಹೇಳಲಿಲ್ಲ. ಸೊಂಡಿಲೆತ್ತಿದ ಆನೆಗೆ 12 ಅಡಿ ಒಂದು ಎತ್ತರವೇ ಅಲ್ಲ. ಹಲಸಿನ ಮರದಲ್ಲಾಗಲಿ ಅದರ ಹತ್ತಿರವಾಗಲಿ ಅಟ್ಟಣೆ ಬೇಡ. ಈಗ ಕಾಯಿ ಇಲ್ಲದಿದ್ದರೂ ಮೇ ತಿಂಗಳಿಗೆ ಆನೆ ಅಲ್ಲೇ ಬಂದು ನಿಲ್ಲುತ್ತದೆ. ತೋಟದ ಕೆರೆಗೆ ನೀರಿಗೆ ಇಳಿಯುವ ಅದರ ದಾರಿಗೂ ಅಡ್ಡ ಇರಬಾರದು. ಸಿಲ್ವರ್ ಓಕ್ ಮರ ಬೇಡ, ಗಾಳಿಗೆ ಮುರಿಯುತ್ತದೆ. ಹಾಲುವಾಣವೂ ಬೇಡ, ಮರ ಮೆದು. ಮೆಣಸಿನ ಬಳ್ಳಿ ಹಬ್ಬಿದ ಮರ ಹತ್ತಿದರೆ ಬಳ್ಳಿ ಹಾಳು. ಮೊಳೆ ಹೊಡೆಯದೆ ಹಗ್ಗದಲ್ಲಿ ಕಟ್ಟಿ. ಸೊಂಟಕ್ಕೆ ಬೆಲ್ಟು ಹಾಕಿ ಮರಕ್ಕೆ ಕಟ್ಟಿಕೊಳ್ಳಿ, ಕ್ಯಾಮೆರಾ ಆಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ. ಕತ್ತಲಾದ ಮೇಲೆ ಒಬ್ಬರೇ ನಡೆದು ವಾಪಸು ಬರಲೇಬೇಡಿ. ಯಾರಾದರೂ ಜೀಪು ತರಲಿ. ನಮ್ಮ ಕಡೆ ಮುಸ್ಸಂಜೆಯಲ್ಲಿ ತೋಟದ ದಾರಿ ನಡೆದವರು ಎಷ್ಟೋ ಜನ ಮನೆ ಮುಟ್ಟಿಲ್ಲ.

ಕದಂಗದಾಚೆ:
ಅಕ್ಕ ಹೇಳಿದ ಜೀಪಿನಿಂದ ಇನ್ನೊಂದು ಅನುಕೂಲ ಇದೆ. ಕತ್ತಲಲ್ಲಿ ಕಡವೆ ಗದ್ದೆಯಲ್ಲಿ ಇರುವಾಗಲೇ ನೀವು ಮರ ಇಳಿದರೆ ಅದು ಆ ಮರವನ್ನು ನೆನಪಿಟ್ಟುಕೊಳ್ಳುತ್ತದೆ. ಜೀಪಿನ ಸದ್ದು ಅದಕ್ಕೆ ದಿನಾ ಕೇಳಿ ಅಭ್ಯಾಸ. ಜೀಪು ಬಂದಾಗ ತಾನಾಗಿ ಬಾಣೆಗೆ ಸರಿಯುತ್ತದೆ, ನೀವು ಇಳಿಯಿರಿ.

ಬಾಣೆಯಂಚು:
ಹತ್ತಿ ಪರೀಕ್ಷೆ ಮಾಡಿದೆ. ನಾಲ್ಕೂವರೆಗೆ ಎಳೆ ಮೇಲಕ್ಕೆ, ತೋಟದ ಕಡೆಗೆ ಹೋಯಿತು. ಐದೂಮುಕ್ಕಾಲಿಗೆ ಸ್ವಲ್ಪ ಹೊತ್ತು ಅಲ್ಲೇ ಸುತ್ತಿತು. ಆರಕ್ಕೆ ನೆಟ್ಟಗೆ ಗದ್ದೆಗೆ ಇಳಿದು, ಬದುವಿನ ಮೇಲೆ ನನ್ನ ಕ್ಯಾಮೆರಾ ಇರುವ ಜಾಗದಲ್ಲೇ ಬಿತ್ತು. ನೋಡಿ ಕಣ್ಣಲ್ಲಿ ನೀರು ಬಂತು. ಹದಿನಾಲ್ಕು ಸಂಜೆ ಆ ತಾಯಿಯನ್ನು ನಾನೇ ಓಡಿಸಿದ್ದೆ.

ಕಂಡಿಯಲ್ಲಿ ಒಂದು ಉರುಳು ಸಿಕ್ಕಿತು. ಹಳೆಯದು, ತುಕ್ಕು ಹಿಡಿದಿತ್ತು. ಅರಣ್ಯದವರು ಬಂದು ತೆಗೆದರು. ಅಟ್ಟಣೆ ಬಿಚ್ಚಿದ್ದೇನೆ. ಬಾಣೆಗೆ ಮೂರು ವಾರ ಯಾರೂ ಇಳಿಯಬಾರದು ಅಂತ ಮನೆಯಲ್ಲೂ ಹೇಳಿದ್ದೇನೆ, ಸೌದೆಗೂ ಬೇಡ.

ಬಾಣೆಯಂಚು (ನಾಲ್ಕು ವಾರದ ನಂತರ):
ದಕ್ಷಿಣ ಮೂಲೆಯಲ್ಲಿ ನಂದಿ ಮರ ಇತ್ತು, ರಸ್ತೆಯಿಂದ ಮೂವತ್ತು ಹೆಜ್ಜೆ. 18 ಅಡಿ ಎತ್ತರಕ್ಕೆ ಹಗ್ಗದಲ್ಲೇ ಕಟ್ಟಿದೆ, ಬೆನ್ನಿಗೆ ದಪ್ಪ ಕಾಂಡ ಬರುವ ಹಾಗೆ. ವಾರಕ್ಕೆ ಒಂದೇ ಸಂಜೆ, ಅದೂ ಗಾಳಿ ಉತ್ತರದಿಂದಲೋ ಪೂರ್ವದಿಂದಲೋ ಇದ್ದರೆ ಮಾತ್ರ. ಮೊದಲ ಸಂಜೆ ಏನೂ ಇಲ್ಲ. ನಿನ್ನೆ ಎರಡನೆಯದು. ಆರೂ ಇಪ್ಪತ್ತಕ್ಕೆ ಕಂಡಿಯಲ್ಲಿ ಮೊದಲು ಕಿವಿ ಕಂಡಿತು. ಎಷ್ಟೋ ಹೊತ್ತು ಅಲ್ಲಾಡದೆ ನಿಂತಿತು. ಆಮೇಲೆ ತಾಯಿ ಗದ್ದೆಗೆ ಇಳಿಯಿತು, ಹಿಂದೆ ಮರಿ. ಬೆಳಕು ಕಡಿಮೆ, ಫೋಟೋ ಅಷ್ಟೇನೂ ಚೆನ್ನಾಗಿಲ್ಲ, ಆದರೂ ಹಾಕುತ್ತೇನೆ. ಏಳು ಗಂಟೆಗೆ ತಮ್ಮ ಜೀಪು ತಂದ. ಎರಡೂ ಓಡಲಿಲ್ಲ, ನಡೆದುಕೊಂಡೇ ಬಾಣೆಗೆ ಹೋದವು.

ಹಳೇಕಂಡಿ ಮಾವ, ಮಳೆ ಹಿಡಿದ ಮೇಲೆ ಗಾಳಿ ತಿರುಗಿದಾಗ ಉತ್ತರದ ಕಡೆಯಿಂದ ನೋಡಬಹುದಾ? ಅಲ್ಲಿ ದೇವರಕಾಡಿನ ಅಂಚು ಬಿಟ್ಟರೆ ಬೇರೆ ಮರ ಇಲ್ಲ.

ಹಳೇಕಂಡಿ:
ದೇವರಕಾಡಿನ ಮರಕ್ಕೆ ಹಗ್ಗ ಕಟ್ಟಬೇಡ. ಮಳೆಗಾಲ ನಾಲ್ಕು ತಿಂಗಳು ಅವುಗಳ ಪಾಡಿಗೆ ಬಿಡು, ಕ್ಯಾಮೆರಾ ಸಾಕು. ಹುತ್ತರಿಗೆ ಗಾಳಿ ಮತ್ತೆ ನಿನ್ನ ಕಡೆಗೆ ತಿರುಗುತ್ತದೆ.